ಮಾರುವಾಗ ಕೇಳದ ಪ್ರಶ್ನೆ

ಆಸ್ಪತ್ರೆಯ ಬಿಲ್ಲಿಗೆ ವಿಮಾ ಕಂಪನಿ ಹಣ ಕೊಡಲಿಲ್ಲ ಎಂಬ ಸುದ್ದಿ ಬಂದಾಗ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಎರಡು ಬಗೆಯ ಮಾತು ಹುಟ್ಟುತ್ತವೆ. ಕಂಪನಿಗಳೆಲ್ಲ ಮೋಸದವು, ಕಟ್ಟಿಸಿಕೊಳ್ಳುವಾಗ ಒಂದು ಮಾತು, ಕೊಡುವಾಗ ಇನ್ನೊಂದು ಮಾತು ಎನ್ನುವುದು ಮೊದಲನೆಯದು. ಕಾಯಿಲೆ ಮುಚ್ಚಿಟ್ಟು ಪಾಲಿಸಿ ಮಾಡಿಸಿದರೆ ಇನ್ನೇನಾಗುತ್ತದೆ ಎನ್ನುವುದು ಎರಡನೆಯದು. ಎರಡಕ್ಕೂ ಬೇಕಾದಷ್ಟು ಉದಾಹರಣೆ ಸಿಗುತ್ತವೆ, ಆದರೆ ಎರಡರಿಂದಲೂ ವಿಷಯ ಪೂರ್ತಿ ತಿಳಿಯುವುದಿಲ್ಲ. ನಾನು ಈ ಉಪನ್ಯಾಸದಲ್ಲಿ ಮುಂದಿಡುವ ವಾದ ಬೇರೆ. ತಿರಸ್ಕಾರದ ಬೇರನ್ನು ಯಾರದೋ ದುರುದ್ದೇಶದಲ್ಲಿ ಹುಡುಕುವ ಮೊದಲು ವಿಚಾರಣೆ ಯಾವಾಗ ನಡೆಯುತ್ತದೆ ಎಂದು ನೋಡಬೇಕು. ಪಾಲಿಸಿ ಮಾರುವ ದಿನ ಕೇಳಬೇಕಾದ ಪ್ರಶ್ನೆಗಳನ್ನು ಕಂಪನಿ ಹಣ ಕೊಡಬೇಕಾದ ದಿನಕ್ಕೆ ಎತ್ತಿಟ್ಟುಕೊಳ್ಳುತ್ತದೆ. ಆ ದಿನ ಉತ್ತರ ಹೇಳುವವರು ರೋಗಿಯೂ ಅಲ್ಲ, ರೋಗಿಯನ್ನು ಬಲ್ಲ ವೈದ್ಯರೂ ಅಲ್ಲ. ಆಸ್ಪತ್ರೆಯ ದಾಖಲಾತಿ ಕೌಂಟರಿನ ಮುಂದೆ ಗಾಬರಿಯಲ್ಲಿ ನಿಂತ ಒಬ್ಬ ನೆಂಟ. ಕಾಯಿಲೆಗೆ ಕಾಗದದ ಇತಿಹಾಸವೇ ಇಲ್ಲದ ನಮ್ಮಂಥ ಸೀಮೆಯಲ್ಲಿ ಈ ಏರ್ಪಾಡು ಪ್ರಾಮಾಣಿಕರನ್ನೂ ಸುಳ್ಳುಗಾರರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ.

ಮೊದಲು ತಿರಸ್ಕಾರ ಎನ್ನುವುದನ್ನೇ ಸ್ವಲ್ಪ ಬಿಡಿಸಿಕೊಳ್ಳಬೇಕು. ಕ್ಯಾಶ್‌ಲೆಸ್ ಆಗಲಿಲ್ಲ ಎಂದರೆ ಕ್ಲೇಮು ಹೋಯಿತು ಎಂದೇ ನಮ್ಮಲ್ಲಿ ತಿಳಿಯುತ್ತಾರೆ. ಹಾಗಲ್ಲ. ಆಸ್ಪತ್ರೆಗೆ ನೇರವಾಗಿ ಹಣ ಕಟ್ಟಲು ಕಂಪನಿ ಆ ಹೊತ್ತಿಗೆ ಒಪ್ಪಲಿಲ್ಲ ಎಂದಷ್ಟೇ ಅದರ ಅರ್ಥ. ಬಿಲ್ಲು ಕಟ್ಟಿ, ಕಾಗದಗಳನ್ನು ಕೂಡಿಸಿ, ಆಮೇಲೆ ಹಣ ಕೇಳುವ ದಾರಿ ತೆರೆದೇ ಇರುತ್ತದೆ. ಎರಡನೆಯದು ಕಡಿತ: ಕೇಳಿದ್ದರಲ್ಲಿ ಒಂದು ಭಾಗವನ್ನು ಮಾತ್ರ ಕೊಡುವುದು. ಮೂರನೆಯದು ಪೂರ್ತಿ ನಿರಾಕರಣೆ. ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2023-24ರ ವಾರ್ಷಿಕ ವರದಿಯಲ್ಲಿ ಕೊಟ್ಟ ಲೆಕ್ಕದಂತೆ ದೇಶದ ಕಂಪನಿಗಳ ಮುಂದಿದ್ದ ಆರೋಗ್ಯ ಕ್ಲೇಮುಗಳ ಮೊತ್ತ ಸುಮಾರು 1.17 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಕೊಟ್ಟದ್ದು 83,493 ಕೋಟಿ, ಅಂದರೆ ನೂರಕ್ಕೆ ಎಪ್ಪತ್ತೊಂದು. ಪೂರ್ತಿ ನಿರಾಕರಿಸಿದ್ದು 10,937 ಕೋಟಿ. ಪಾಲಿಸಿಯ ಷರತ್ತಿಗೆ ಹೊಂದುವುದಿಲ್ಲ ಎಂದು ಕೊಡದೆ ಬಿಟ್ಟದ್ದು 15,100 ಕೋಟಿ. ಉಳಿದದ್ದು ವರ್ಷದ ಕೊನೆಗೆ ತೀರ್ಮಾನವಾಗದೆ ಇತ್ತು. ಊರಲ್ಲಿ ಸುದ್ದಿಯಾಗುವುದು ನಿರಾಕರಣೆ, ಆದರೆ ಮೊತ್ತದಲ್ಲಿ ಅದಕ್ಕಿಂತ ದೊಡ್ಡದು ಸದ್ದಿಲ್ಲದೆ ಆಗುವ ಕಡಿತ. ನೂರಕ್ಕೆ ಎಪ್ಪತ್ತೊಂದು ಕೊಟ್ಟವರನ್ನು ಮೋಸಗಾರರು ಎನ್ನಲು ಬರುವುದಿಲ್ಲ, ಹಾಗೆಯೇ ಉಳಿದ ಇಪ್ಪತ್ತೊಂಬತ್ತರ ಹಿಂದೆ ಇರುವವರನ್ನೆಲ್ಲ ಸುಳ್ಳುಗಾರರು ಎನ್ನಲೂ ಬರುವುದಿಲ್ಲ.

ಸರ್ಕಾರದ ಯೋಜನೆಗಳಿರುವಾಗ ಖಾಸಗಿ ವಿಮೆಯ ಗೋಜೇ ಏಕೆ ಎಂಬ ಪ್ರಶ್ನೆ ಇಲ್ಲಿಯೇ ಬರುತ್ತದೆ. ಯಶಸ್ವಿನಿ ಯೋಜನೆ 2003ರಲ್ಲಿ ಸಹಕಾರ ಸಂಘಗಳ ಸದಸ್ಯರಿಗಾಗಿ ವರ್ಷಕ್ಕೆ ತಲೆಗೆ 60 ರೂಪಾಯಿಯಂತೆ ಶುರುವಾಯಿತು. 2018ರಲ್ಲಿ ಅದು ನಿಂತು ಆರೋಗ್ಯ ಕರ್ನಾಟಕದಲ್ಲಿ ಸೇರಿಹೋಯಿತು. 2022ರಲ್ಲಿ ಮತ್ತೆ ಬಂದಾಗ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವಂತಿಗೆ 500 ರೂಪಾಯಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ 1.5 ಲಕ್ಷದ ಮಿತಿಯೊಳಗೆ. ನಾಲ್ಕೈದು ಎಕರೆ ತೆಂಗಿನ ತೋಟದವರು, ಕೊಬ್ಬರಿ ಮಂಡಿಯವರು, ಅಂಗಡಿಯವರು, ಮೇಷ್ಟರುಗಳು, ನಿವೃತ್ತ ನೌಕರರು ಈ ಎರಡರ ನಡುವಿನ ಸಂದಿಯಲ್ಲಿ ಉಳಿಯುತ್ತಾರೆ. ಕಾರ್ಡು ಅವರನ್ನು ಅನುಕೂಲಸ್ಥರು ಎನ್ನುತ್ತದೆ, ಒಂದು ಬೈಪಾಸ್ ಆಪರೇಷನ್ನಿನ ಬಿಲ್ಲು ಆ ಅನುಕೂಲವನ್ನು ಒಂದೇ ವಾರದಲ್ಲಿ ತಿಂದುಹಾಕುತ್ತದೆ. ಖಾಸಗಿ ಪಾಲಿಸಿ ಕೊಳ್ಳುವವರು ಬಹುಪಾಲು ಇವರೇ. ಇವರ ಜೊತೆಗೆ ಇನ್ನೊಂದು ಗುಂಪಿದೆ: ಬೆಂಗಳೂರಿನಲ್ಲಿ ಕೆಲಸಕ್ಕಿದ್ದು ಊರಿನಲ್ಲಿರುವ ಅಪ್ಪ ಅಮ್ಮನಿಗೆ ಮೊಬೈಲಿನಲ್ಲೇ ಪಾಲಿಸಿ ಮಾಡಿಸುವ ಮಕ್ಕಳು.

ಪ್ರಪೋಸಲ್ ಫಾರಂ ತುಂಬುವ ಹೊತ್ತನ್ನು ನೋಡಿ. ರಕ್ತದೊತ್ತಡ, ಮಧುಮೇಹ, ಹೃದಯ, ಮೂತ್ರಪಿಂಡ, ಹಿಂದೆ ಆದ ಶಸ್ತ್ರಚಿಕಿತ್ಸೆ, ಈಗ ನುಂಗುತ್ತಿರುವ ಮಾತ್ರೆ ಎಂದು ಸಾಲಾಗಿ ಪ್ರಶ್ನೆಗಳಿರುತ್ತವೆ, ಬಹುಮಟ್ಟಿಗೆ ಇಂಗ್ಲಿಷಿನಲ್ಲಿ. ಕಾಗದದ ಫಾರಮ್ಮಾದರೆ ಏಜೆಂಟರು ತುಂಬುತ್ತಾರೆ, ಆನ್‌ಲೈನ್ ಆದರೆ ಮಗ ತುಂಬುತ್ತಾನೆ. ಏಜೆಂಟರು ಊರಿನವರೇ, ಗುರುತಿನವರೇ. ಅವರ ಕಮಿಷನ್ ಬರುವುದು ಪ್ರೀಮಿಯಂ ಮೇಲೆ. ಹೌದು ಎಂಬ ಒಂದು ಗುರುತು ಬಿದ್ದರೆ ತಪಾಸಣೆ, ತಡ, ಹೆಚ್ಚಿನ ಪ್ರೀಮಿಯಂ, ಒಮ್ಮೊಮ್ಮೆ ಗಿರಾಕಿಯೇ ಕೈಬಿಟ್ಟುಹೋಗುವ ಭಯ. ಹಾಗಾಗಿ ಎಲ್ಲ ಪ್ರಶ್ನೆಗೂ ಇಲ್ಲ ಎಂದು ಗುರುತು ಹಾಕುವುದು ವ್ಯಾಪಾರದ ರೂಢಿಯೇ ಆಗಿಹೋಗಿದೆ. ಮಗನಿಗೆ ಅಪ್ಪ ನುಂಗುವ ಮಾತ್ರೆ ಯಾವುದಕ್ಕೆ ಎಂಬುದು ಎಷ್ಟೋ ಬಾರಿ ಗೊತ್ತೇ ಇರುವುದಿಲ್ಲ. ಐಆರ್‌ಡಿಎಐ 2016ರಲ್ಲಿ ಏಜೆಂಟರಿಗೆಂದು ಹಾಕಿದ ನಡತೆಯ ನಿಯಮದಲ್ಲಿ ಗಿರಾಕಿಯ ಬಗ್ಗೆ ತಿಳಿದ ಮುಖ್ಯ ಸಂಗತಿಗಳನ್ನು ಕಂಪನಿಗೆ ಮುಟ್ಟಿಸಬೇಕೆಂದಿದೆ. ಗಿರಾಕಿಗೆ ಬಾರದ ಭಾಷೆಯಲ್ಲಿ ಫಾರಂ ಇದ್ದರೆ, ಅಥವಾ ಬೇರೆಯವರು ತುಂಬಿದರೆ, ವಿಷಯವನ್ನು ಪೂರ್ತಿ ವಿವರಿಸಿದ್ದೇವೆ ಎಂಬ ಹೇಳಿಕೆಯೂ ಅದರಲ್ಲಿ ಇರಬೇಕು. ಆ ಹೇಳಿಕೆಯೂ ಅಚ್ಚಾಗಿಯೇ ಬರುತ್ತದೆ, ಅದರ ಕೆಳಗೂ ಒಂದು ಸಹಿ ಬೀಳುತ್ತದೆ. ನಾಳೆ ವ್ಯಾಜ್ಯ ಬಂದಾಗ ಸಹಿ ಹಾಕಿದವರದೇ ಹೊಣೆ.

ಕಂಪನಿಗೆ ಇದೆಲ್ಲ ತಿಳಿಯದ ಸಂಗತಿಯಲ್ಲ. ಅರವತ್ತು ದಾಟಿದ ರೈತರೊಬ್ಬರ ಫಾರಮ್ಮಿನಲ್ಲಿ ಎಲ್ಲ ಪ್ರಶ್ನೆಗೂ ಇಲ್ಲ ಎಂದಿದ್ದರೆ ಅನುಮಾನ ಬರಲು ವೈದ್ಯಕೀಯ ಪದವಿ ಬೇಕಿಲ್ಲ. ಐಸಿಎಂಆರ್ ನಡೆಸಿದ, 2023ರಲ್ಲಿ ಪ್ರಕಟವಾದ ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದ ವಯಸ್ಕರಲ್ಲಿ ಶೇ 35.5ರಷ್ಟು ಮಂದಿಗೆ ರಕ್ತದೊತ್ತಡ, ಶೇ 11.4ರಷ್ಟು ಮಂದಿಗೆ ಮಧುಮೇಹ ಇದೆ. ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಇರುವ ಕಾಯಿಲೆಯನ್ನು ಯಾರೂ ಬರೆಯದಿದ್ದರೆ ಫಾರಮ್ಮುಗಳು ಸುಳ್ಳು ಹೇಳುತ್ತಿವೆ ಎಂದು ಲೆಕ್ಕವೇ ಹೇಳುತ್ತದೆ. ಆದರೂ ಪ್ರೀಮಿಯಂ ತೆಗೆದುಕೊಳ್ಳುತ್ತಾರೆ, ಪಾಲಿಸಿ ಕಳಿಸುತ್ತಾರೆ. ಒಂದು ರಕ್ತಪರೀಕ್ಷೆ, ಒಂದು ಇಸಿಜಿಯ ಖರ್ಚನ್ನು ಎಲ್ಲ ಗಿರಾಕಿಗಳ ಮೇಲೂ ಹಾಕುವುದಕ್ಕಿಂತ, ಕ್ಲೇಮು ಬಂದ ಕೆಲವರ ಹಿಂದೆ ತನಿಖೆಗಾರರನ್ನು ಕಳಿಸುವುದು ಅಗ್ಗ. ಅವರ ಲಾಭನಷ್ಟದ ದೃಷ್ಟಿಯಿಂದ ಇದು ತರ್ಕಬದ್ಧವೇ. ಆದರೆ ಹಾಗೆ ಉಳಿಸಿದ ಖರ್ಚು ಎಲ್ಲಿಯೂ ಮಾಯವಾಗುವುದಿಲ್ಲ, ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದವರ ಮನೆಯವರ ತಲೆಯ ಮೇಲೆ ಕೂರುತ್ತದೆ. ತಿಪಟೂರಿನ ಎಪಿಎಂಸಿಯಲ್ಲಿ ಕೊಬ್ಬರಿ ಕೊಳ್ಳುವ ವರ್ತಕ ಮೊದಲು ಮಾಲು ನೋಡಿ, ಒಡೆದು ನೋಡಿ, ಆಮೇಲೆ ದರ ಬರೆಯುತ್ತಾನೆ. ಮೂರು ವರ್ಷ ಕಳೆದ ಮೇಲೆ ಬಂದು ಆವತ್ತಿನ ಚೀಲದಲ್ಲಿ ಕೌಟು ಇತ್ತು, ಹಣ ವಾಪಸ್ ಕೊಡು ಎಂದರೆ ಮಾರುಕಟ್ಟೆಯಲ್ಲಿ ಯಾರೂ ಅವನ ಮಾತು ಕೇಳುವುದಿಲ್ಲ.

ಈಗ ಕಾಯಿಲೆ ಬಂದ ದಿನಕ್ಕೆ ಬರೋಣ. ಎದೆನೋವು ಬಂದವರನ್ನು ತಿಪಟೂರಿನಿಂದ ತುಮಕೂರಿಗೋ ಹಾಸನಕ್ಕೋ, ತುರುವೇಕೆರೆ ಕಡೆಯಿಂದ ಬಿ.ಜಿ. ನಗರಕ್ಕೋ ಬೆಂಗಳೂರಿಗೋ ಒಯ್ಯುತ್ತಾರೆ. ತುರ್ತು ವಿಭಾಗದ ಕಿರಿಯ ವೈದ್ಯರು ಪೆನ್ನು ಹಿಡಿದು ಶುಗರ್ ಇದೆಯಾ, ಬಿ.ಪಿ. ಇದೆಯಾ, ಎಷ್ಟು ವರ್ಷದಿಂದ ಎಂದು ಕೇಳುತ್ತಾರೆ. ಚಿಕಿತ್ಸೆಗೆ ಆ ಮಾಹಿತಿ ಬೇಕೇ ಬೇಕು. ಜೊತೆಗೆ ಬಂದವರು ಇದೆ ಸಾರ್, ಒಂದು ನಾಲ್ಕೈದು ವರ್ಷ ಆಗಿರಬಹುದು ಎನ್ನುತ್ತಾರೆ. ಅದು ಲೆಕ್ಕವಲ್ಲ, ಬಹಳ ದಿನದಿಂದ ಇದೆ ಎಂದು ಹೇಳುವ ರೀತಿ. ಕೇಸ್ ಶೀಟಿನಲ್ಲಿ ಅದು ಐದು ವರ್ಷದಿಂದ ಮಧುಮೇಹಿ ಎಂದು ಇಳಿಯುತ್ತದೆ, ಅಲ್ಲಿಂದ ಡಿಸ್ಚಾರ್ಜ್ ಸಮ್ಮರಿಗೆ ಹೋಗುತ್ತದೆ, ಅಲ್ಲಿಂದ ಕಂಪನಿಯ ಮೇಜಿಗೆ. ಪಾಲಿಸಿ ಮಾಡಿಸಿ ಮೂರೂವರೆ ವರ್ಷವಾಗಿದ್ದರೆ, ಆ ಒಂದು ಸಾಲಿನ ಬಲದಿಂದ ಮಧುಮೇಹ ಪಾಲಿಸಿಗಿಂತ ಹಿಂದಿನದು, ಮುಚ್ಚಿಟ್ಟಿದ್ದರು ಎಂಬ ತೀರ್ಮಾನ ಹೊರಡುತ್ತದೆ. ಪಟ್ಟಣದ ಉದ್ಯೋಗಿಗೆ ವರ್ಷ ವರ್ಷದ ತಪಾಸಣಾ ವರದಿ ಇರುತ್ತದೆ, ಅದನ್ನು ತೋರಿಸಿ ಅವರು ಪ್ರತಿವಾದ ಮಾಡಬಲ್ಲರು. ಇಲ್ಲಿಯವರ ಕಾಯಿಲೆಯ ದಾಖಲೆ ಎಂದರೆ ಔಷಧಿ ಅಂಗಡಿಯಲ್ಲಿ ಹಳೆಯ ಮಾತ್ರೆಯ ಖಾಲಿ ಪಟ್ಟಿ ತೋರಿಸಿ ತಂದ ಹೊಸ ಪಟ್ಟಿ. ತಮ್ಮ ಕಡೆಯ ಸತ್ಯವನ್ನು ಸಾಬೀತು ಮಾಡಲು ಅವರ ಬಳಿ ಕಾಗದವಿಲ್ಲ, ಅವರ ವಿರುದ್ಧ ಮಾತ್ರ ಒಂದು ಕಾಗದ ಹುಟ್ಟಿಕೊಂಡಿರುತ್ತದೆ.

ಕಾನೂನು ಇಷ್ಟು ಸಡಿಲವಾಗಿದೆಯೇ? ಇಲ್ಲ. ಮೊದಲಿಂದ ಇದ್ದ ಕಾಯಿಲೆ ಎಂದರೆ, ಈಗಿನ ನಿಯಮದಂತೆ, ಪಾಲಿಸಿ ಶುರುವಾಗುವ ಹಿಂದಿನ 36 ತಿಂಗಳಲ್ಲಿ ವೈದ್ಯರು ಗುರುತಿಸಿದ, ಇಲ್ಲವೆ ವೈದ್ಯರು ಚಿಕಿತ್ಸೆ ಸೂಚಿಸಿದ ಅಥವಾ ಕೊಟ್ಟ ಕಾಯಿಲೆ. ದೇಹದಲ್ಲಿ ಸದ್ದಿಲ್ಲದೆ ಇದ್ದಿರಬಹುದಾದ ಕಾಯಿಲೆ ಈ ವ್ಯಾಖ್ಯೆಯೊಳಗೆ ಬರುವುದಿಲ್ಲ. ಫಾರಮ್ಮಿನಲ್ಲಿ ಹೇಳಿಕೊಂಡ ಕಾಯಿಲೆಗೂ ಕಾಯುವ ಅವಧಿ ಇರುತ್ತದೆ. 2024ರ ಏಪ್ರಿಲ್‌ನಿಂದ ಅದು 36 ತಿಂಗಳು ಮೀರುವಂತಿಲ್ಲ, ಮೊದಲು 48 ಇತ್ತು. ನ್ಯಾಯಾಲಯಗಳ ತೀರ್ಪುಗಳು ಎರಡು ಕಡೆಗೂ ಇವೆ. ಸತ್ವಂತ್ ಕೌರ್ ಸಂಧು ಪ್ರಕರಣದಲ್ಲಿ ದೀರ್ಘಕಾಲದ ಮಧುಮೇಹವನ್ನೂ ಮೂತ್ರಪಿಂಡದ ಕಾಯಿಲೆಯನ್ನೂ ಫಾರಮ್ಮಿನಲ್ಲಿ ಹೇಳಿರಲಿಲ್ಲ. ನಿರಾಕರಣೆ ಸರಿ ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿತು. ಆ ತೀರ್ಪಿನೊಂದಿಗೆ ನನಗೆ ಜಗಳವಿಲ್ಲ. 2021ರ ಮನಮೋಹನ ನಂದಾ ಪ್ರಕರಣದಲ್ಲಿ ಅಮೆರಿಕಕ್ಕೆ ಹೊರಟವರು ಮಧುಮೇಹವನ್ನು ಹೇಳಿಕೊಂಡೇ ಪಾಲಿಸಿ ಪಡೆದಿದ್ದರು, ವೈದ್ಯಕೀಯ ತಪಾಸಣೆಯೂ ಆಗಿತ್ತು. ಸ್ಯಾನ್ ಫ್ರಾನ್ಸಿಸ್ಕೋ ತಲುಪಿದಾಗ ಹೃದಯಾಘಾತವಾಯಿತು, ಕೊಲೆಸ್ಟ್ರಾಲ್ ಮಾತ್ರೆಯ ವಿಷಯ ಹೇಳಿರಲಿಲ್ಲ ಎಂದು ಕಂಪನಿ ಕೈಚೆಲ್ಲಿತು. ಗಿರಾಕಿಯ ಸ್ಥಿತಿಯನ್ನು ನೋಡಿ ತೂಗಿ ಪಾಲಿಸಿ ಕೊಟ್ಟ ಮೇಲೆ ಅದೇ ಸ್ಥಿತಿಯನ್ನು ಕಾರಣವಾಗಿ ತೋರಿಸಿ ಹಣ ನಿಲ್ಲಿಸುವಂತಿಲ್ಲ ಎಂದು ಕೋರ್ಟ್ ಹೇಳಿತು. 2024ರ ಮಹಾಕಾಳಿ ಸುಜಾತಾ ಪ್ರಕರಣ ಜೀವವಿಮೆಯದು. ಮುಚ್ಚಿಟ್ಟರು ಎನ್ನುವವರೇ ಅದನ್ನು ಸಾಬೀತು ಮಾಡಬೇಕು ಎಂಬುದು ಅದರ ಸಾರ. ನೆಂಟರ ಬಾಯಿಮಾತನ್ನು ಬರೆದಿಟ್ಟ ಸಾಲೊಂದು ಆ ಮಟ್ಟದ ಸಾಕ್ಷ್ಯವಾಗಬಾರದು.

ಕಂಪನಿಗಳ ವಕೀಲರು ಸದಾ ಹಿಡಿಯುವ ಆಧಾರ ಪರಮ ವಿಶ್ವಾಸದ ತತ್ವ: ವಿಮೆ ಪಡೆಯುವವರು ತಮಗೆ ತಿಳಿದುದೆಲ್ಲವನ್ನೂ ಕೇಳದಿದ್ದರೂ ಹೇಳಬೇಕು. ಈ ತತ್ವದ ಮೂಲ ಎಂದು ಹೇಳುವ ಪ್ರಕರಣ ಇಂಗ್ಲೆಂಡಿನ ಲಾರ್ಡ್ ಮ್ಯಾನ್ಸ್‌ಫೀಲ್ಡ್ 1766ರಲ್ಲಿ ತೀರ್ಮಾನಿಸಿದ ಕಾರ್ಟರ್ ಮತ್ತು ಬೋಮ್ ವ್ಯಾಜ್ಯ. ಸುಮಾತ್ರಾದ ಬೆಂಕೂಲೆನ್‌ನಲ್ಲಿದ್ದ ಕೋಟೆಯ ಗವರ್ನರ್ ಕಾರ್ಟರ್, ಕೋಟೆ ಯುರೋಪಿನ ಶತ್ರುಗಳ ಕೈಸೇರಿದರೆ ಪರಿಹಾರ ಬರುವಂತೆ ಲಂಡನ್ನಿನಲ್ಲಿ ವಿಮೆ ಮಾಡಿಸಿದ್ದ. ಫ್ರೆಂಚರು ಕೋಟೆ ಹಿಡಿದರು. ಕೋಟೆ ದುರ್ಬಲವಾಗಿದೆ ಎಂಬುದನ್ನು ಮುಚ್ಚಿಟ್ಟೆ ಎಂದು ವಿಮೆ ಕೊಟ್ಟ ಬೋಮ್ ಹಣ ನಿರಾಕರಿಸಿದ. ಮ್ಯಾನ್ಸ್‌ಫೀಲ್ಡ್ ಪರಮ ವಿಶ್ವಾಸದ ಮಾತನ್ನು ವಿವರವಾಗಿ ಹೇಳಿದ್ದು ನಿಜ, ಆದರೆ ವ್ಯಾಜ್ಯದಲ್ಲಿ ಗೆದ್ದವನು ಕಾರ್ಟರ್. ವಿಮೆ ಕೊಡುವವನು ತಾನೇ ವಿಚಾರಿಸಿ ತಿಳಿಯಬಹುದಾಗಿದ್ದ ಸಂಗತಿಯನ್ನು ವಿಚಾರಿಸದೆ ಪ್ರೀಮಿಯಂ ಪಡೆದು, ಆಮೇಲೆ ಅದೇ ಕಾರಣಕ್ಕೆ ಜಾರಿಕೊಳ್ಳುವಂತಿಲ್ಲ ಎಂಬುದು ಆ ತೀರ್ಪಿನ ಇನ್ನೊಂದು ಮುಖ. ಎರಡೂವರೆ ಶತಮಾನದಿಂದ ಆ ತೀರ್ಪಿನ ಅರ್ಧವನ್ನಷ್ಟೇ ಹೆಚ್ಚು ಜೋರಾಗಿ ಓದಲಾಗಿದೆ. ವಿಶ್ವಾಸ ಎರಡು ಕಡೆಯದು ಎಂದಾದರೆ, ಕೇಳುವ ಹೊಣೆಯೂ ಹೇಳುವ ಹೊಣೆಯಷ್ಟೇ ಭಾರದ್ದು.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ, ಅದನ್ನು ತೇಲಿಸಿ ಬಿಡಲಾಗದು. ಕಾಯಿಲೆ ಗೊತ್ತಾದ ಮೇಲೆ ಪಾಲಿಸಿ ಮಾಡಿಸುವವರು ಹೆಚ್ಚಾದರೆ ಕ್ಲೇಮು ಹೆಚ್ಚುತ್ತದೆ, ಪ್ರೀಮಿಯಂ ಏರುತ್ತದೆ, ಏರಿದ ಪ್ರೀಮಿಯಂ ನೋಡಿ ಆರೋಗ್ಯವಂತರು ಬಿಟ್ಟುಹೋಗುತ್ತಾರೆ, ಕೊನೆಗೆ ರೋಗಿಗಳು ಮಾತ್ರ ಉಳಿದ ವಿಮೆ ವಿಮೆಯಾಗಿ ಉಳಿಯುವುದಿಲ್ಲ. ಆದ್ದರಿಂದ ಸುಳ್ಳು ಹೇಳಿದವರಿಗೆ ಹಣ ಕೊಡದಿರುವುದು ಉಳಿದ ಪಾಲಿಸಿದಾರರನ್ನು ಕಾಪಾಡುವ ಕೆಲಸ. ಈ ಮಾತು ಸರಿ. ತೆಂಗಿನ ಮರಕ್ಕೂ ಇದೇ ನಿಯಮ: ತೆಂಗು ಅಭಿವೃದ್ಧಿ ಮಂಡಳಿಯ ಮರವಿಮೆ ಆರೋಗ್ಯವಾಗಿರುವ, 4ರಿಂದ 60 ವರ್ಷದೊಳಗಿನ ಮರಕ್ಕೆ ಮಾತ್ರ, ರೋಗ ಹಿಡಿದ ಮರ, ಮುಪ್ಪಿನ ಮರ ಅದರೊಳಗಿಲ್ಲ. ಅದನ್ನು ಅನ್ಯಾಯ ಎಂದು ಯಾವ ರೈತನೂ ಕೂಗುವುದಿಲ್ಲ, ಏಕೆಂದರೆ ಯಾವ ಮರ ಒಳಗೆ, ಯಾವುದು ಹೊರಗೆ ಎಂಬುದು ಹಣ ಕಟ್ಟುವ ಮೊದಲೇ ಗೊತ್ತು. ನನ್ನ ವಾದವೂ ಅಷ್ಟೇ. ಆಯ್ಕೆ ಬೇಡ ಎನ್ನುತ್ತಿಲ್ಲ, ಆಯ್ಕೆಯನ್ನು ಮೊದಲೇ ಮಾಡಿ ಎನ್ನುತ್ತಿದ್ದೇನೆ. ಮಾರುವಾಗಲೇ ಪರೀಕ್ಷಿಸಿದರೆ ಸುಳ್ಳು ಅಲ್ಲಿಯೇ ಸಿಕ್ಕಿಬೀಳುತ್ತದೆ, ಉಳಿದ ಪಾಲಿಸಿದಾರರ ಹಣ ಅಷ್ಟರ ಮಟ್ಟಿಗೆ ಸುರಕ್ಷಿತ. ಕೊನೆಯಲ್ಲಿ ಪರೀಕ್ಷಿಸುವುದರಿಂದ ಸಿಗುವ ಹೆಚ್ಚಿನ ಲಾಭ ಒಂದೇ: ಕ್ಲೇಮು ಮಾಡದ ಸುಳ್ಳುಗಾರರ ಪ್ರೀಮಿಯಂ ಅಷ್ಟೂ ವರ್ಷ ಕಂಪನಿಗೆ ಬರುತ್ತಿರುತ್ತದೆ.

ಮೊದಲೇ ಪರೀಕ್ಷಿಸಿದರೆ ಎಷ್ಟೋ ಹಿರಿಯರಿಗೆ ಪಾಲಿಸಿಯೇ ಸಿಗುವುದಿಲ್ಲವಲ್ಲ ಎಂದು ಕೇಳಬಹುದು. ಸಿಗದೆಯೂ ಹೋಗಬಹುದು, ಇಲ್ಲವೆ ಪ್ರೀಮಿಯಂ ಕೈಗೆಟುಕದಷ್ಟಾಗಬಹುದು. ನನ್ನ ವಾದಕ್ಕೆ ತೆರಬೇಕಾದ ಬೆಲೆ ಇದು, ಸಣ್ಣದೂ ಅಲ್ಲ. ಆದರೂ ಸಿಗದ ಪಾಲಿಸಿಗಿಂತ ಇದ್ದೂ ಇಲ್ಲದ ಪಾಲಿಸಿ ಹೆಚ್ಚು ಹಾನಿಕರ. ಇಲ್ಲ ಎಂದು ತಿಳಿದವರು ಸಹಕಾರ ಸಂಘಕ್ಕೆ ಹೋಗಿ ಯಶಸ್ವಿನಿಗೆ ಹೆಸರು ಬರೆಸುತ್ತಾರೆ, ಪ್ರೀಮಿಯಂ ಕಟ್ಟುವ ಹಣವನ್ನು ಠೇವಣಿ ಇಡುತ್ತಾರೆ, ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪಡೆಯುವ ಕ್ರಮ ವಿಚಾರಿಸುತ್ತಾರೆ. ಇದೆ ಎಂದು ನಂಬಿದವರು ನಂಬಿಕೆಯ ಮೇಲೆಯೇ ದುಬಾರಿ ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಾರೆ. ಮೂರನೆಯ ದಿನ ಕ್ಯಾಶ್‌ಲೆಸ್ ಇಲ್ಲ ಎಂದಾಗ ಇಳಿಯಲು ದಾರಿಯಿರುವುದಿಲ್ಲ. ತೋಟದ ಫಸಲನ್ನು ಮುಂಗಡಕ್ಕೆ ಬರೆದುಕೊಡಬೇಕಾಗುತ್ತದೆ. ಇನ್ನು ಕಾಯಿಲೆಯ ಕಾರಣಕ್ಕೆ ಯಾರನ್ನೂ ಹೊರಗಿಡದ ವಿಮೆಯೂ ಸಾಧ್ಯ ಎಂಬುದನ್ನು ಆಯುಷ್ಮಾನ್ ಭಾರತ್ ತೋರಿಸಿದೆ, ಅಲ್ಲಿ ಮೊದಲಿಂದ ಇದ್ದ ಕಾಯಿಲೆಗೂ ಮೊದಲ ದಿನದಿಂದಲೇ ಚಿಕಿತ್ಸೆ. ಅದು ನಡೆಯುವುದು ತೆರಿಗೆಯ ಹಣದಿಂದ, ಆರೋಗ್ಯವಂತರೂ ರೋಗಿಗಳೂ ಒಟ್ಟಿಗೇ ಒಳಗಿರುವುದರಿಂದ. ಖಾಸಗಿ ಕಂಪನಿಯಿಂದ ಅದನ್ನು ಬಯಸುವುದು ಹುಂಬತನ. ಎಪಿಎಲ್ ಕುಟುಂಬಗಳಿಗೂ ಅದನ್ನು ಪೂರ್ತಿಯಾಗಿ ಚಾಚಿ ಎಂದು ಸರ್ಕಾರವನ್ನು ಕೇಳುವುದು ಹುಂಬತನವಲ್ಲ.

ಇಲ್ಲಿ ಇನ್ನೊಂದು ವಿಪರೀತವನ್ನು ಗಮನಿಸಬೇಕು. ರಾಜ್ಯ ಸರ್ಕಾರ ಕೋಲಾರದಲ್ಲಿ 2024ರಲ್ಲಿ ಆರಂಭಿಸಿದ ಗೃಹ ಆರೋಗ್ಯ ಯೋಜನೆಯಲ್ಲಿ ಆರೋಗ್ಯ ಕಾರ್ಯಕರ್ತರು ಮನೆ ಬಾಗಿಲಿಗೇ ಬಂದು ಬಿ.ಪಿ., ಶುಗರ್ ನೋಡುತ್ತಾರೆ. ಜನಾರೋಗ್ಯಕ್ಕೆ ಇದಕ್ಕಿಂತ ಒಳ್ಳೆಯ ಕೆಲಸ ಕಡಿಮೆ. ಆದರೆ ಕಾಯಿಲೆ ಗುರುತಿಸಿದ ದಿನಾಂಕವೇ ನಾಳೆ ಪಾಲಿಸಿದಾರರ ವಿರುದ್ಧ ಸಾಕ್ಷಿಯಾಗುವ ಏರ್ಪಾಡಿನಲ್ಲಿ, ಪಾಲಿಸಿ ಮಾಡಿಸುವವರೆಗೆ ಪರೀಕ್ಷೆ ಬೇಡ ಎಂಬ ಸಲಹೆ ಹರಡಲು ಹೆಚ್ಚು ಕಾಲ ಬೇಕಾಗುವುದಿಲ್ಲ. ಬೇಗ ಪತ್ತೆಯಾದರೆ ಅಗ್ಗದ ಮಾತ್ರೆಯಲ್ಲಿ ಮುಗಿಯುವ ಕಾಯಿಲೆಯನ್ನು ಅಜ್ಞಾನದಲ್ಲಿ ಬೆಳೆಸಿ ಐಸಿಯುಗೆ ತರುವ ವಿಮೆ, ಕಂಪನಿಗೂ ನಷ್ಟದ ಬಾಬತ್ತೇ.

ನಿರಾಕರಣೆಯ ಇನ್ನೊಂದು ಕಾರಣ ತೆಂಗಿನ ಸೀಮೆಯ ಬದುಕಿನ ಲಯಕ್ಕೇ ಸೇರಿದ್ದು. ಎಳನೀರು ಮಾರುವ ಮದ್ದೂರಿನ ಕಡೆಯಂತೆ ಇಲ್ಲಿ ದುಡ್ಡು ವಾರ ವಾರ ಬರುವುದಿಲ್ಲ. ಕಾಯಿ ಅಟ್ಟ ಸೇರಿ ಉಂಡೆ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು ಬೇಕು. ಆದ ಮೇಲೂ ಬೆಲೆಗಾಗಿ ಕಾಯುವುದುಂಟು. 2023ರಲ್ಲಿ ಬೆಂಬಲ ಬೆಲೆ ಕ್ವಿಂಟಲಿಗೆ 11,750 ಇದ್ದರೂ ಮಾರುಕಟ್ಟೆ ಅದಕ್ಕಿಂತ ಎಷ್ಟೋ ಕೆಳಗಿತ್ತು. 2025ರಲ್ಲಿ ಅದೇ ಕೊಬ್ಬರಿ 20,000 ದಾಟಿತು. ಇಂಥ ಬೆಲೆಯ ಏರಿಳಿತದಲ್ಲಿ ಕಾಯುವುದು ಜಾಣತನವೇ. ಆದರೆ ಪಾಲಿಸಿ ನವೀಕರಣದ ದಿನಾಂಕ ಕೊಬ್ಬರಿಯ ಬೆಲೆಗಾಗಿ ಕಾಯುವುದಿಲ್ಲ. ವಾರ್ಷಿಕ ಪ್ರೀಮಿಯಮ್ಮಿಗೆ ರಿಯಾಯಿತಿ 30 ದಿನ, ತಿಂಗಳ ಕಂತಿಗೆ 15 ದಿನ. ಅದೂ ದಾಟಿದರೆ ಹೋಗುವುದು ಒಂದು ವರ್ಷದ ರಕ್ಷಣೆಯಷ್ಟೇ ಅಲ್ಲ, ಹಿಂದೆ ಕಾದ ವರ್ಷಗಳೆಲ್ಲ ಹೋಗುತ್ತವೆ. ಹೊಸ ಪಾಲಿಸಿಗೆ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಯಾವುದಕ್ಕೂ ಹಣವಿಲ್ಲ. ಕಣ್ಣಿನ ಪೊರೆ, ಹರ್ನಿಯಾದಂಥವಕ್ಕೆ ಸಾಮಾನ್ಯವಾಗಿ ಎರಡು ವರ್ಷ. ಮೊದಲಿಂದ ಇದ್ದ ಕಾಯಿಲೆಗೆ ಮೂರು. ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಪಾಲಿಸಿ ಎಡೆಬಿಡದೆ 60 ತಿಂಗಳು ನಡೆದಿದ್ದರೆ, ಮುಚ್ಚಿಟ್ಟರು ಎಂಬ ಕಾರಣಕ್ಕೆ ಕ್ಲೇಮು ನಿರಾಕರಿಸುವಂತಿಲ್ಲ, ವಂಚನೆಯನ್ನು ರುಜುವಾತು ಮಾಡಿದರೆ ಮಾತ್ರ ಸಾಧ್ಯ ಎಂದು ಈಗಿನ ನಿಯಮ. 2024ಕ್ಕೆ ಮೊದಲು ಈ ಅವಧಿ ಎಂಟು ವರ್ಷ ಇತ್ತು. ಅಟ್ಟದಲ್ಲಿ ಕೊಬ್ಬರಿ ಇಟ್ಟುಕೊಂಡು ಒಂದು ನವೀಕರಣ ತಪ್ಪಿಸಿಕೊಂಡವರು ಆ ಐದು ವರ್ಷದ ಎಣಿಕೆಯನ್ನು ಮತ್ತೆ ಒಂದರಿಂದ ಶುರು ಮಾಡಬೇಕು.

ಐದು ವರ್ಷದ ಈ ನಿಯಮ ಸುಳ್ಳಿಗೆ ಬಹುಮಾನ ಕೊಟ್ಟಂತೆ ಎನ್ನುವವರಿದ್ದಾರೆ. ನಾನು ಅದನ್ನು ಬೇರೆ ರೀತಿ ಓದುತ್ತೇನೆ. ಐದು ವರ್ಷ ಪ್ರೀಮಿಯಂ ಪಡೆಯುತ್ತ ಒಮ್ಮೆಯೂ ವಿಚಾರಿಸದವರು ಆಮೇಲೆ ವಿಚಾರಿಸುವ ಹಕ್ಕು ಕಳೆದುಕೊಳ್ಳುತ್ತಾರೆ ಎಂದಷ್ಟೇ ಅದು ಹೇಳುತ್ತದೆ. ವಿಚಾರಣೆಗೆ ಒಂದು ಕೊನೆಯ ದಿನ ಇರಬೇಕೆಂಬುದನ್ನು ನಿಯಂತ್ರಕರೇ ಒಪ್ಪಿದ್ದಾರೆ. ಆ ದಿನವನ್ನು ಪಾಲಿಸಿಯ ಆರಂಭಕ್ಕೆ ಇನ್ನಷ್ಟು ಹತ್ತಿರ ತರಬೇಕು ಎಂಬಲ್ಲಿ ಮಾತ್ರ ನನಗೂ ಅವರಿಗೂ ವ್ಯತ್ಯಾಸ.

ಎಲ್ಲ ತಿರಸ್ಕಾರವೂ ಈ ತಡವಾದ ವಿಚಾರಣೆಯಿಂದಲೇ ಬರುತ್ತದೆ ಎಂದರೆ ಅತಿಯಾದೀತು. ಕೆಲವು ಷರತ್ತುಗಳು ಮೊದಲಿಂದಲೂ ಪಾಲಿಸಿಯಲ್ಲಿ ಸ್ಪಷ್ಟವಾಗಿ ಬರೆದೇ ಇರುತ್ತವೆ, ಓದದೆ ಇರುವವರು ನಾವು. ಆಸ್ಪತ್ರೆ ಎಂದರೆ ಏನು ಎಂಬುದಕ್ಕೇ ಪಾಲಿಸಿಯಲ್ಲಿ ವ್ಯಾಖ್ಯೆ ಇದೆ: ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರಿನಲ್ಲಾದರೆ ಕನಿಷ್ಠ 10 ಹಾಸಿಗೆ, ಹಗಲೂ ರಾತ್ರಿ ದಾದಿಯರು ಮತ್ತು ವೈದ್ಯರು, ಸುಸಜ್ಜಿತ ಶಸ್ತ್ರಚಿಕಿತ್ಸಾ ಕೊಠಡಿ, ರೋಗಿಗಳ ದಿನವಹಿ ದಾಖಲೆ. ಆರು ಹಾಸಿಗೆಯ ನರ್ಸಿಂಗ್ ಹೋಮಿನಲ್ಲಿ ಎರಡು ದಿನ ಡ್ರಿಪ್ ಹಾಕಿಸಿಕೊಂಡು ಗುಣವಾದವರ ಕಾಯಿಲೆ ನಿಜ, ಬಿಲ್ಲೂ ನಿಜ, ಆದರೆ ಪಾಲಿಸಿಯ ಕಣ್ಣಿಗೆ ಅದು ಆಸ್ಪತ್ರೆಯೇ ಅಲ್ಲ. ತಾಲ್ಲೂಕು ಕೇಂದ್ರದಲ್ಲಿ ಅಂಥ ನರ್ಸಿಂಗ್ ಹೋಮೇ ಕೈಗೆಟುಕುವ ಚಿಕಿತ್ಸೆ ಎಂಬುದನ್ನು ವ್ಯಾಖ್ಯೆ ಬರೆದವರು ಯೋಚಿಸಿದಂತಿಲ್ಲ. ಪರೀಕ್ಷೆಗೆಂದೇ ದಾಖಲಾಗಿ, ಸ್ಕ್ಯಾನ್ ಮಾಡಿಸಿಕೊಂಡು ಬಂದರೂ ಹಣ ಬರುವುದಿಲ್ಲ. ಮರದಿಂದ ಬಿದ್ದು ಸೊಂಟ ಮುರಿದುಕೊಂಡವರನ್ನು ಆಸ್ಪತ್ರೆಗೆ ತಂದಾಗ ಪೊಲೀಸ್ ಕೇಸಿನ ರಗಳೆ ಬೇಡವೆಂದು ಬಚ್ಚಲಲ್ಲಿ ಜಾರಿದರು ಎಂದು ಬರೆಸುವುದುಂಟು. ಆಮೇಲೆ ಅಪಘಾತ ವಿಮೆಗೆ ಮರದಿಂದ ಬಿದ್ದದ್ದು ಎಂದು ಅರ್ಜಿ ಹಾಕಿದರೆ ಎರಡು ಕಾಗದಗಳು ಒಂದನ್ನೊಂದು ಸುಳ್ಳು ಮಾಡುತ್ತವೆ. ಮರ ಹತ್ತಿ ಕಾಯಿ ಕೀಳುವವರಿಗಾಗಿ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಇದೆ. ಅಂಥ ಕಡೆ ಮೊದಲು ಬರೆಸಿದ ಕಾರಣವೇ ಕ್ಲೇಮಿನ ಜೀವ.

ಕಡಿತದ ವಿಷಯದಲ್ಲಿ ಕೊಠಡಿ ಬಾಡಿಗೆಯ ನಿಯಮವೊಂದನ್ನು ಮಾತ್ರ ವಿವರಿಸುತ್ತೇನೆ, ಏಕೆಂದರೆ ಹೆಚ್ಚು ಜನ ಎಡವುವುದು ಅಲ್ಲಿ. ಎಲ್ಲ ಕಂಪನಿಗಳೂ ಮಾರುವ ಆರೋಗ್ಯ ಸಂಜೀವಿನಿ ಎಂಬ ಮಾದರಿ ಪಾಲಿಸಿ 2020ರಲ್ಲಿ ಬಂದಾಗ, ದಿನದ ಬಾಡಿಗೆಗೆ ವಿಮಾ ಮೊತ್ತದ ಶೇ 2, ಗರಿಷ್ಠ 5,000 ರೂಪಾಯಿ ಎಂಬ ಮಿತಿ ಇತ್ತು. ಎರಡು ಲಕ್ಷದ ಪಾಲಿಸಿಯವರು 8,000 ರೂಪಾಯಿಯ ಕೋಣೆ ಹಿಡಿದರೆ ಅವರ ಮಿತಿ 4,000. ವ್ಯತ್ಯಾಸದ 4,000ವನ್ನು ಕೈಯಿಂದ ಹಾಕಿದರೆ ಮುಗಿಯಿತು ಎಂದುಕೊಳ್ಳುತ್ತಾರೆ. ಹಾಗಾಗುವುದಿಲ್ಲ. ಕೋಣೆಯ ದರ್ಜೆಗೆ ತಕ್ಕಂತೆ ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸೆಯ ಶುಲ್ಕಗಳೂ ಏರುವ ಆಸ್ಪತ್ರೆಯಲ್ಲಿ, ಆ ಶುಲ್ಕಗಳಲ್ಲೂ ಅರ್ಧವೇ ಸಿಗುತ್ತದೆ. ಔಷಧಿ, ಸ್ಟೆಂಟಿನಂಥ ಅಳವಡಿಕೆ, ಪರೀಕ್ಷೆಗಳಿಗೆ ಈ ಕತ್ತರಿ ತಗಲುವುದಿಲ್ಲ. ನೆಂಟರಿಷ್ಟರು ನೋಡಲು ಬರುತ್ತಾರೆ, ಪ್ರತ್ಯೇಕ ಕೋಣೆಯೇ ಇರಲಿ ಎಂಬ ಮರ್ಯಾದೆಯ ಆಸೆಗೆ ತೆರುವ ಬೆಲೆ ಬಾಡಿಗೆಯಷ್ಟೇ ಅಲ್ಲ. ಇದನ್ನೂ ಮಾರುವ ದಿನವೇ, ಅರ್ಥವಾಗುವ ಮಾತಿನಲ್ಲಿ ಹೇಳಬಹುದಿತ್ತು. ಪಾಲಿಸಿಯ ಜೊತೆ ಕೊಡಬೇಕಾದ ಗ್ರಾಹಕ ಮಾಹಿತಿ ಪತ್ರವನ್ನು ಕೇಳಿದರೆ ಸ್ಥಳೀಯ ಭಾಷೆಯಲ್ಲೂ ಕೊಡಬೇಕೆಂದು 2024ರ ಜನವರಿಯಿಂದ ನಿಯಮವಿದೆ. ಕೇಳಿದರೆ ಎಂಬ ಷರತ್ತೇ ಅದರ ಕುಂದು. ಇದೆ ಎಂದೇ ತಿಳಿಯದವರು ಏನೆಂದು ಕೇಳಿಯಾರು?

ನಿಯಂತ್ರಕರು ಸುಮ್ಮನಿಲ್ಲ ಎಂಬುದನ್ನು ಒಪ್ಪಬೇಕು. 2024ರ ಮೇ ತಿಂಗಳ ಸುತ್ತೋಲೆಯಂತೆ ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ, ಬಿಡುಗಡೆಯ ಅಂತಿಮ ಬಿಲ್ಲಿಗೆ ಮೂರು ಗಂಟೆಯೊಳಗೆ ತೀರ್ಮಾನ ಹೇಳಬೇಕು. ಯಾವ ಕ್ಲೇಮನ್ನೂ ಒಬ್ಬ ಅಧಿಕಾರಿಯ ಮರ್ಜಿಯಿಂದ ನಿರಾಕರಿಸುವಂತಿಲ್ಲ, ಪರಿಶೀಲನಾ ಸಮಿತಿಯ ಒಪ್ಪಿಗೆ ಬೇಕು. ನಿರಾಕರಿಸಿದರೆ ಅಥವಾ ಕಡಿತ ಮಾಡಿದರೆ ಪಾಲಿಸಿಯ ಯಾವ ಷರತ್ತಿನ ಪ್ರಕಾರ ಎಂದು ಬರೆದು ತಿಳಿಸಬೇಕು. ಒಳ್ಳೆಯ ನಿಯಮಗಳೇ. ಆದರೆ ಇವೆಲ್ಲ ವಿಚಾರಣೆಯ ಕೊನೆಯ ತುದಿಯನ್ನು ಚುರುಕುಗೊಳಿಸುತ್ತವೆ, ಮೊದಲ ತುದಿಯನ್ನು ಮುಟ್ಟುವುದಿಲ್ಲ. ಐವತ್ತು ದಾಟಿದವರಿಗೆ ಪಾಲಿಸಿ ಕೊಡುವ ಮೊದಲು ಕಂಪನಿಯ ಖರ್ಚಿನಲ್ಲಿ ತಾಲ್ಲೂಕು ಮಟ್ಟದಲ್ಲೇ ತಪಾಸಣೆ ಆಗಬೇಕು, ಕನ್ನಡದಲ್ಲಿ ಫೋನ್ ಮಾಡಿ ಫಾರಮ್ಮಿನ ಒಂದೊಂದು ಉತ್ತರವನ್ನೂ ಓದಿ ಹೇಳಿ ಆ ಮಾತುಕತೆಯನ್ನು ದಾಖಲಿಸಬೇಕು, ತಪಾಸಣೆ ಮಾಡದೆ ಪಾಲಿಸಿ ಕೊಟ್ಟ ಕಡೆ ಬಿ.ಪಿ., ಶುಗರ್‌ನಂಥ ಸಾಮಾನ್ಯ ಕಾಯಿಲೆಯನ್ನು ಮುಚ್ಚಿಟ್ಟರು ಎಂದು ವಾದಿಸುವ ಹಕ್ಕೇ ಕಂಪನಿಗೆ ಇರಬಾರದು. ಇದಕ್ಕೆ ಪ್ರೀಮಿಯಂ ಒಂದಿಷ್ಟು ಏರೀತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗಳ ಮೇಲಿನ ಶೇ 18ರ ಜಿಎಸ್‌ಟಿ ಹೋಗಿದೆ. ತಪಾಸಣೆಯ ಖರ್ಚು ಅದರ ಒಂದು ಪಾಲಿನಷ್ಟೂ ಆಗಲಾರದು ಎಂದು ನನ್ನ ಅಂದಾಜು.

ಅಲ್ಲಿಯವರೆಗೆ ಈ ಸೀಮೆಯವರಿಗೆ ಉಳಿದಿರುವುದು ದೂರಿನ ದಾರಿ, ಅದು ಜನ ಅಂದುಕೊಂಡಷ್ಟು ದುರ್ಗಮವಲ್ಲ. ಮೊದಲು ಕಂಪನಿಯ ಕುಂದುಕೊರತೆ ವಿಭಾಗಕ್ಕೆ ಬರೆಯಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರಿಗೆ ಅಲ್ಲಿ ಪ್ರವೇಶವೂ ಇಲ್ಲ, 50 ಲಕ್ಷದವರೆಗಿನ ಪರಿಹಾರ ಹೇಳುವ ಅಧಿಕಾರ ಅವರಿಗಿದೆ. ಅವರ ಆದೇಶ ಕಂಪನಿಯನ್ನು ಕಟ್ಟಿಹಾಕುತ್ತದೆ, ದೂರುದಾರರನ್ನಲ್ಲ. ಒಪ್ಪದಿದ್ದರೆ ದೂರುದಾರರು ಮುಂದೆ ಹೋಗಬಹುದು. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಲ್ಲಿ ಬದಲಾದ ಮೇಲೆ ದೂರುದಾರರು ತಾವು ವಾಸವಿರುವ ಜಿಲ್ಲೆಯಲ್ಲೇ, ಅಂದರೆ ತುಮಕೂರಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ, ಎರಡು ವರ್ಷದೊಳಗೆ ಪ್ರಕರಣ ಹೂಡಬಹುದು. ಕಂಪನಿಯ ಮುಖ್ಯ ಕಚೇರಿ ಮುಂಬಯಿಯಲ್ಲಿದೆಯೋ ಚೆನ್ನೈಯಲ್ಲಿದೆಯೋ ಎಂಬುದು ಈಗ ಅಡ್ಡಿಯಲ್ಲ. ಕಟ್ಟಿದ ಪ್ರೀಮಿಯಂ 5 ಲಕ್ಷ ಮೀರದಿದ್ದರೆ ಅಲ್ಲಿಯೂ ಶುಲ್ಕವಿಲ್ಲ. ಎರಡೂ ಕಡೆ ಮೊದಲು ಕೇಳುವ ಕಾಗದಗಳು ಎರಡು: ಕಂಪನಿ ಬರೆದುಕೊಟ್ಟ ನಿರಾಕರಣೆಯ ಪತ್ರ ಮತ್ತು ಆವತ್ತು ತುಂಬಿದ ಪ್ರಪೋಸಲ್ ಫಾರಮ್ಮಿನ ಪ್ರತಿ. ಫೋನಿನಲ್ಲಿ ಆಗುವುದಿಲ್ಲ ಎಂದರು ಎಂಬ ಮಾತಿಗೆ ಎರಡೂ ಕಡೆ ಬೆಲೆಯಿಲ್ಲ. ಪ್ರಪೋಸಲ್ ಫಾರಮ್ಮಿನ ಪ್ರತಿಯನ್ನು ಕೊಡುವುದು ಕಂಪನಿಯ ಕರ್ತವ್ಯ. ಅದನ್ನು ತರಿಸಿ, ಒಂದೊಂದು ಉತ್ತರದ ಎದುರಿನ ಗುರುತು ಯಾರ ಕೈಯದು, ಕೆಳಗಿನ ಸಹಿ ಯಾರದು, ಬಾರದ ಭಾಷೆಯ ಫಾರಮ್ಮನ್ನು ವಿವರಿಸಿದ್ದೇವೆ ಎಂಬ ಹೇಳಿಕೆಯಡಿ ಯಾರ ಹೆಸರಿದೆ ಎಂದು ನೋಡುವುದರಿಂದಲೇ ಹೆಚ್ಚಿನ ಪ್ರಕರಣಗಳ ವಾದ ಶುರುವಾಗಬೇಕು.